ತೊಡೆಸಂದಿನ ಗಂಟು ಸೂಜಿಯಲ್ಲೇ ಮುಚ್ಚಿತು

ಮಲ್ಪೆ ಕಡೆಯ ಮೀನುಗಾರರೊಬ್ಬರು ಆಂಜಿಯೋಪ್ಲಾಸ್ಟಿ (ತೊಡೆಸಂದಿನ ನಾಳ ಚುಚ್ಚಿ ಹೃದಯದ ನಾಳ ತೆರೆಯುವುದು) ಆಗಿ 4ನೇ ದಿನ ಬಂದರು. ತೊಡೆಸಂದು ಊದಿತ್ತು, ಕೈಯಿಟ್ಟರೆ ಬಡಿತ. ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನ್) ಇಟ್ಟ ಕೂಡಲೇ ಅರ್ಧ ಕೆಂಪು, ಅರ್ಧ ನೀಲಿ ಸುಳಿ. ನೆಕ್‌ನಲ್ಲಿ (ರಕ್ತನಾಳದಿಂದ ಗಂಟಿಗೆ ಹೋಗುವ ಕಿರುದಾರಿ) ರಕ್ತ ಒಳಗೆ ಹೋಗಿ ಹೊರಗೆ ಬರುವ ಅಲೆ. ಸ್ಯೂಡೋಅನ್ಯೂರಿಸಂ, ಅಂದರೆ ನಾಳದ ತೂತಿನಿಂದ ಸೋರಿದ ರಕ್ತದ ಗಂಟು, ಮೂರೂವರೆ ಸೆಂಟಿಮೀಟರ್ ಇರಬಹುದು. ಚುಚ್ಚಿದ್ದು ತೊಡೆಸಂದಿನ ಮುಖ್ಯ ರಕ್ತನಾಳವಾದ ಕಾಮನ್ ಫೆಮೋರಲ್‌ಗಿಂತ ಕೆಳಗೆ ಬಿದ್ದಿತ್ತು. ಅಲ್ಲಿ ಒತ್ತಿ ಹಿಡಿಯಲು ಹಿಂದೆ ಎಲುಬು ಸಿಗುವುದಿಲ್ಲ ಅಲ್ವಾ?

ಆದರೂ ಮೊದಲು ಸ್ಕ್ಯಾನಿನ ಪ್ರೋಬ್‌ನಿಂದಲೇ ಒತ್ತಿದೆ. 20 ನಿಮಿಷದಂತೆ ಮೂರು ಸಲ. ಅವರು ನೋವಿಗೆ ಟವೆಲ್ ಕಚ್ಚಿ ಹಿಡಿದಿದ್ದರು, ನನ್ನ ಮಣಿಕಟ್ಟು ಸೆಟೆದುಕೊಂಡಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಒಳಗಿರುವಾಗ ಗಂಟು ಎಲ್ಲಿ ಮುಚ್ಚುತ್ತದೆ!

ರಕ್ತ ಹೆಪ್ಪುಗಟ್ಟಿಸುವ ಮದ್ದು ಥ್ರಾಂಬಿನ್ ಹಾಕುತ್ತೇನೆ ಅಂದೆ. ಸರ್ಜನ್, "ಬೇಡ ಮಾರಾಯ್ರೇ, ಅದು ಕಾಲಿಗೆ ಇಳಿದರೆ ಏನು ಮಾಡ್ತೀರಿ?" ಅಂದರು. ಅವರ ಹೆದರಿಕೆ ಸುಮ್ನೆ ಅಲ್ಲ. ಹಿಂದಿನ ಒಂದು ಕೇಸಿನಲ್ಲಿ ನಾನೇ ಕೆಡಿಸಿದ್ದೆ. ಸೂಜಿಯ ತುದಿ ಗಂಟಿನ ಒಳಗಿದೆಯಾ ಅಂತ ನೋಡಲು ಥ್ರಾಂಬಿನ್ ಸಿರಿಂಜನ್ನೇ ಹಿಂದಕ್ಕೆ ಎಳೆದೆ. ರಕ್ತ ಬಂತು, ಸೂಜಿಯೊಳಗೇ ಹೆಪ್ಪುಗಟ್ಟಿತು. ಆರು ಸಾವಿರದ ಹತ್ತಿರದ ವಯಲ್ ಹಾಳಾಯಿತು. ಆ ದುಡ್ಡು ನಾನೇ ಕಟ್ಟಿದೆ, ರೋಗಿಯ ಮನೆಯವರು ಸಾಲ ಮಾಡಿ ಬಂದಿದ್ದರು.

ಆಮೇಲೆ ತಿಂಗಳಿಡೀ ಕೋಳಿ ಎದೆಮಾಂಸದೊಳಗೆ ನೀರು ತುಂಬಿದ ಗ್ಲೌಸಿನ ಬೆರಳು ಹುದುಗಿಸಿ ಸೂಜಿ ಹಾಕಿ ಕಲಿತೆ. ಈಗ ತುದಿ ಪರೀಕ್ಷೆಗೆ ಸಲೈನ್ ಮಾತ್ರ.

ಈ ಸಲ 22 ಗೇಜ್ ಸೂಜಿ, ತುದಿ ನೆಕ್‌ನಿಂದ ಆದಷ್ಟು ದೂರ. ಮಿಲಿಗೆ 500 ಯೂನಿಟ್, 1 ಮಿಲಿ ಸಿರಿಂಜಿನಲ್ಲಿ ಹನಿ ಹನಿಯಾಗಿ. ಅರ್ಧ ಮಿಲಿಯೂ ಹೋಗಿರಲಿಲ್ಲ. ಪರದೆಯ ಮೇಲೆ ಕೆಂಪು-ನೀಲಿ ಅಂಚಿನಿಂದ ಮಾಸುತ್ತಾ ಬಂದು, ಕೆಲವೇ ಸೆಕೆಂಡಿನಲ್ಲಿ ಬೂದು ಬಣ್ಣ, ಅಂದರೆ ಗಂಟಿನೊಳಗೆ ಹರಿವು ನಿಂತಿತು! ಪಾದದ ನಾಡಿ ಮೊದಲಿದ್ದ ಹಾಗೇ. ಮರುದಿನದ ಡಾಪ್ಲರ್‌ನಲ್ಲೂ ಮುಚ್ಚೇ ಇತ್ತು. ಆಪರೇಷನ್ ಆಗಿದ್ದರೆ 60 ಸಾವಿರ ದಾಟುತ್ತಿತ್ತು, ಇದು ಹತ್ತರೊಳಗೆ ಮುಗಿಯಿತು.

ಸೂಜಿ ಇಳಿಸುವ ಕೋನದಲ್ಲಿ ನನ್ನದೊಂದು ಕಿಟುಕು ಇದೆ. ಅದು ಬರೆದರೆ ತಿಳಿಯುವುದಲ್ಲ, ಬಂದು ನೋಡಿ.

ನೆಕ್ ಸುತ್ತ ಸಲೈನ್ ಹಾಕಿ ಒತ್ತುವುದನ್ನೂ ಇಬ್ಬರಲ್ಲಿ ನೋಡಿದೆ. ಒಂದು ನಿಂತಿತು, ಇನ್ನೊಂದು ಮರುದಿನ ತೆರೆದುಕೊಂಡಿತು. ಚರ್ಮ ಕೆಂಪಾಗಿ ಸೋಂಕು ಕಂಡರೆ, ನೆಕ್ ಅಗಲ ಇದ್ದರೆ ನಾನು ಸೂಜಿ ಮುಟ್ಟುವುದಿಲ್ಲ, ನೇರ ಸರ್ಜನ್ ಹತ್ತಿರ.

ಇದುವರೆಗೆ ಹನ್ನೊಂದೋ ಹನ್ನೆರಡೋ ಆಗಿದೆ. ಒಬ್ಬರಿಗೆ ಮಾತ್ರ ಎರಡನೇ ಸಲ ಚುಚ್ಚಬೇಕಾಯಿತು. ಗಂಟಿಗೆ ಎರಡು ಕೋಣೆ ಇತ್ತು, ನಾನು ಒಂದನ್ನೇ ತುಂಬಿಸಿ ಎದ್ದಿದ್ದೆ. ಅವರನ್ನು ನನ್ನ ಹತ್ತಿರ ಕಳಿಸಿದ್ದು ಅದೇ ಸರ್ಜನ್.