ಫೋಟೊ ಪೇಪರ್‌ಗೆ ಮನೆಯಲ್ಲೇ ಕೋಟಿಂಗ್: ಹದ ತಪ್ಪುವುದು ಎಲ್ಲಿ?

ಒಳ್ಳೆ ಕ್ಯಾಮೆರಾ ಇರುತ್ತದೆ, ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಇರುತ್ತದೆ, ನಂದಿಬೆಟ್ಟದ ಮಂಜಿನ ಚೆಂದದ ಫೋಟೊನೂ ಇರುತ್ತದೆ. ಕೊನೆಗೆ ಅದನ್ನು ಮದುವೆ ಕಾರ್ಡಿನ ಆರ್ಟ್ ಪೇಪರ್ ಮೇಲೆ ಪ್ರಿಂಟ್ ಕೊಡುತ್ತಾರೆ. ಇಂಕು ಒಣಗಲ್ಲ, ಕೈ ತಾಗಿದರೆ ಬಳಿದುಕೊಳ್ಳುತ್ತದೆ, ಆಮೇಲೆ ಬೈಗುಳ ಪ್ರಿಂಟರ್‌ಗೆ. ತುಮಕೂರಿನ ಸ್ಟುಡಿಯೊಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಆರ್ಟ್ ಪೇಪರ್ ನುಣ್ಣಗಿರುತ್ತದೆ, ನಿಜ. ಆದರೆ ಅದರ ಮೇಲಿನ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿಯ ಪದರ ಆಫ್‌ಸೆಟ್ ಮಷಿನ್ನಿನ ಎಣ್ಣೆ ಇಂಕಿಗೆಂದು ಮಾಡಿದ್ದು. ಇಂಕ್‌ಜೆಟ್ ಇಂಕಿನಲ್ಲಿ ಮುಕ್ಕಾಲು ಪಾಲು ನೀರೇ. ಆ ನೀರನ್ನು ತಕ್ಷಣ ಒಳಗೆಳೆದುಕೊಂಡು, ಬಣ್ಣವನ್ನು ಮಾತ್ರ ಮೇಲೆಯೇ ಹಿಡಿದಿಡುವ ಪದರ ಬೇಕು. ಅದನ್ನು ನಾವೇ ಹಾಕಿಕೊಳ್ಳಬಹುದು.

ಗ್ಲಾಸಿ ಪೇಪರ್ ಮಾಡುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಅಥವಾ ಅಲ್ಯುಮಿನಾ ಕಣ ಬೇಕು, ಪದರವೂ ದಪ್ಪ ಇರಬೇಕು, ಒಣಗುವಾಗ ಬಿರುಕು ಬಿಡದಂತೆ ಕಾಯುವ ಮಷಿನ್ನೂ ಬೇಕು. ಅಂಗಡಿಯಲ್ಲಿ ಆರ್‌ಸಿ (ರೆಸಿನ್ ಕೋಟೆಡ್) ಪೇಪರ್ ಕೊಳ್ಳುವುದೇ ವಾಸಿ. ಕೊಳ್ಳುವಾಗ ಒಂದು ಮೂಲೆ ನಿಧಾನವಾಗಿ ಹರಿದು ನೋಡಿ. ಎಳೆದಂತೆ ಪ್ಲಾಸ್ಟಿಕ್ ಪೊರೆ ಹಿಗ್ಗಿ ಬಂದರೆ ಅದು ಆರ್‌ಸಿ, ಕಾಗದದ ಎರಡೂ ಕಡೆ ಪಾಲಿಥೀನ್ ಇರುತ್ತದೆ. ಬರೀ ಕಾಗದದ ನಾರು ಕಿತ್ತು ಬಂದರೆ ಅದು ಕಾಸ್ಟ್ ಕೋಟೆಡ್. ಇಂಕು ಜಾಸ್ತಿ ಬಿದ್ದ ಕಡೆ ಅಲೆಅಲೆಯಾಗಿ ಏಳುತ್ತದೆ. ಪ್ಯಾಕೆಟ್ ಮೇಲೆ ‘ಪ್ರೀಮಿಯಂ’ ಅಂತ ಎರಡರ ಮೇಲೂ ಬರೆದಿರುತ್ತಾರೆ, ಅದನ್ನು ನಂಬಬೇಡಿ.

ನಾವು ಮಾಡುವುದು ಮ್ಯಾಟ್, ಅಂದರೆ ಹೊಳಪಿಲ್ಲದ ಪೇಪರ್. ಹೊರಗಿನಿಂದ ಬರುವ ಹತ್ತಿ ಕಾಗದದ ಮ್ಯಾಟ್ ಹಾಳೆಗೆ ಕೊಡುವ ದುಡ್ಡು ನೆನೆಸಿಕೊಂಡರೆ ಈ ಶ್ರಮ ದಂಡವಲ್ಲ.

ಕಾಗದ

200ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇರಲಿ. ಒಂದು ಹನಿ ನೀರು ಬಿಟ್ಟು ಒಂದು ನಿಮಿಷ ಕಾಯಿರಿ. ಹನಿ ಹಾಗೇ ನಿಂತಿದ್ದರೆ ಸರಿ, ಹೀರಿಕೊಂಡರೆ ನಿಮ್ಮ ಕೋಟಿಂಗೂ ಹಾಗೇ ಒಳಗೆ ಇಳಿದು ಹೋಗುತ್ತದೆ. ಆಮೇಲೆ ಅಂಗಡಿಯವರು ನೋಟು ಪರೀಕ್ಷೆ ಮಾಡುವ ಯುವಿ ಲೈಟ್ ಬಿಟ್ಟು ನೋಡಿ. ನೀಲಿಯಾಗಿ ಝಗ್ ಎಂದರೆ ಬೆಳ್ಳಗೆ ಕಾಣಲೆಂದು ಬ್ರೈಟ್ನರ್ ಬೆರೆಸಿದ್ದಾರೆ ಎಂದರ್ಥ. ವರ್ಷಗಳು ಹೋದಂತೆ ಅದರ ಹೊಳಪು ಇಳಿದು ಕಾಗದ ಹಳದಿಯಾಗಿ ಕಾಣುತ್ತದೆ. ಗೋಡೆಗೆ ಹಾಕುವ ಫೋಟೊಗೆ ನಾನು ಅಂಥ ಕಾಗದ ಮುಟ್ಟುವುದಿಲ್ಲ.

ಮಿಶ್ರಣ, ಎಲ್ಲರೂ ಎಡವುವ ಜಾಗ

ಬೇಕಾದದ್ದು ಮೂರೇ: ಸಿಲಿಕಾ, ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಪುಡಿ, ಪಾಲಿಡ್ಯಾಡ್‌ಮ್ಯಾಕ್ ಎಂಬ ದ್ರವ. ಹೆಸರು ಕೇಳಿ ಹೆದರಬೇಡಿ. ಪಿವಿಎ ನೂಲಿಗೆ ಗಂಜಿ ಕೊಡುವವರು ಬಳಸುವ ಪದಾರ್ಥ. ಪಾಲಿಡ್ಯಾಡ್‌ಮ್ಯಾಕ್ ನೀರು ಶುದ್ಧೀಕರಣಕ್ಕೆ ಬಳಸುವ ಪಾಲಿಮರ್. ಪೀಣ್ಯ ಕಡೆಯ ಕೆಮಿಕಲ್ ಅಂಗಡಿಗಳಲ್ಲಿ ವಿಚಾರಿಸಿ.

ಇಲ್ಲಿ ಶಾರ್ಟ್‌ಕಟ್ ಹುಡುಕುವವರು ಜಾಸ್ತಿ. ಸಿಲಿಕಾ ಬದಲು ಸೀಮೆಸುಣ್ಣದ ಪುಡಿ, ಟಾಲ್ಕಂ ಪುಡಿ ಹಾಕುತ್ತಾರೆ. ಅವುಗಳ ಕಣದ ಒಳಗೆ ರಂಧ್ರ ಇಲ್ಲ, ಇಂಕಿಗೆ ಹೋಗಲು ಜಾಗವೇ ಇಲ್ಲ. ನಮಗೆ ಬೇಕಾದ್ದು ಐದರಿಂದ ಹತ್ತು ಮೈಕ್ರಾನಿನ, ರಂಧ್ರ ತುಂಬಿದ ಸಿಲಿಕಾ. ಅಂಗಡಿಯಲ್ಲಿ ಎಣ್ಣೆ ಹೀರುವ ಗುಣ ಎಷ್ಟು ಅಂತ ಕೇಳಿ, ಜಾಸ್ತಿ ಇರುವುದೇ ತಗೊಳ್ಳಿ. ಟೂತ್‌ಪೇಸ್ಟ್‌ನಲ್ಲಿ ಹಲ್ಲುಜ್ಜಲೆಂದು ಹಾಕುವ ಸಿಲಿಕಾ ಬೇರೆ, ಅದು ಹೀರುವುದು ಕಮ್ಮಿ. ಇನ್ನು ಮರಗೆಲಸದ ಬಿಳಿ ಅಂಟು ನೀರು ಮಾಡಿ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಹೆಸರು ಹತ್ತಿರ ಹತ್ತಿರ ಇದ್ದರೂ ಅದು ಬೇರೆಯೇ ಪದಾರ್ಥ.

ನೀರಿನ ವಿಷಯ. ತುಮಕೂರಿರಲಿ, ಕೋಲಾರವಿರಲಿ, ಚಿಕ್ಕಬಳ್ಳಾಪುರವಿರಲಿ, ಬೋರ್‌ವೆಲ್ ನೀರು ಎಂಥದ್ದು ಅಂತ ಹೇಳಬೇಕಾಗಿಲ್ಲ. ಸ್ಟೀಲ್ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುವ ಆ ಲವಣಗಳು ಮಿಶ್ರಣದ ಹದ ಕೆಡಿಸುತ್ತವೆ, ಒಂದು ಸಲ ಬಂದ ಹದ ಇನ್ನೊಂದು ಸಲ ಬರಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದ ಕ್ಯಾನ್ ನೀರು ಸಾಕು.

ಮೊದಲು ಪಿವಿಎ. ಪ್ಯಾಕೆಟ್ ಮೇಲೆ ಹೈಡ್ರಾಲಿಸಿಸ್ ಶೇ 88 ಎಂದಿರುವುದು ತಗೊಳ್ಳಿ. ಶೇ 98ರದ್ದು 95 ಡಿಗ್ರಿಯ ತನಕ ಕಾಯಿಸಿದರೂ ಸತಾಯಿಸುತ್ತದೆ. 360 ಗ್ರಾಂ ತಣ್ಣೀರಿಗೆ 40 ಗ್ರಾಂ ಪುಡಿ. ತಣ್ಣೀರು ಅಂದರೆ ತಣ್ಣೀರೇ! ಬಿಸಿನೀರಿಗೆ ಸುರಿದವರನ್ನು ಎಷ್ಟು ಜನರನ್ನು ನೋಡಿಲ್ಲ. ಹೊರಗಡೆ ಜಿಗುಟು ಪೊರೆ, ಒಳಗಡೆ ಒಣ ಪುಡಿ ಇರುವ ಗಂಟುಗಳು ಸಿಗುತ್ತವೆ, ದಿನವಿಡೀ ತಿರುವಿದರೂ ಕರಗಲ್ಲ. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಳ್ಳುತ್ತೇವೆ ತಾನೇ, ಇಲ್ಲೂ ಅದೇ ಲೆಕ್ಕ. ಸ್ವಲ್ಪ ಸ್ವಲ್ಪ ಉದುರಿಸುತ್ತಾ ತಿರುವಿ, ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಆ ಪಾತ್ರೆಯನ್ನು ಕುದಿಯುವ ನೀರಿರುವ ದೊಡ್ಡ ಪಾತ್ರೆಯಲ್ಲಿಟ್ಟು 85 ಡಿಗ್ರಿಗೆ ತನ್ನಿ. ನೇರ ಉರಿ ಬೇಡ, ತಳ ಹಿಡಿಯುತ್ತದೆ. ಮುಕ್ಕಾಲು ಗಂಟೆ ನಿಧಾನಕ್ಕೆ ತಿರುವುತ್ತಿದ್ದರೆ ಹಾಲಿನ ಬಣ್ಣ ಹೋಗಿ ತಿಳಿಯಾಗುತ್ತದೆ. ಮುಚ್ಚಳ ಮುಚ್ಚಿ ಆರಿಸಿ, ಇಲ್ಲದಿದ್ದರೆ ಮೇಲೆ ಕೆನೆ ಕಟ್ಟುತ್ತದೆ. ಆರಿದ ಮೇಲೆ ತೂಗಿ, ಆವಿಯಾದಷ್ಟು ನೀರು ಸೇರಿಸಿ 400 ಗ್ರಾಂ ಮಾಡಿ. ಇದನ್ನು ಬಿಟ್ಟರೆ ಮುಂದಿನ ಯಾವ ಲೆಕ್ಕವೂ ಕೂಡಿ ಬರಲ್ಲ.

ಈಗ ಸಿಲಿಕಾ. ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆಫ್ ಮಾಡಿ, ಆ ಪುಡಿ ಹೊಗೆಯ ಹಾಗೆ ಏಳುತ್ತದೆ. 450 ಗ್ರಾಂ ನೀರಿಗೆ ಮೊದಲು 25 ಗ್ರಾಂ ಪಾಲಿಡ್ಯಾಡ್‌ಮ್ಯಾಕ್ ಹಾಕಿ. ಇದು ಶೇ 40ರ ದ್ರವದ ಲೆಕ್ಕ. ನಿಮಗೆ ಸಿಕ್ಕಿದ್ದು ಶೇ 20ರದ್ದಾದರೆ ಅದನ್ನು 50 ಗ್ರಾಂ ಹಾಕಿ, ನೀರು 25 ಗ್ರಾಂ ಕಮ್ಮಿ ಮಾಡಿ. ಚೆನ್ನಾಗಿ ಬೆರೆತ ಮೇಲೆ 100 ಗ್ರಾಂ ಸಿಲಿಕಾವನ್ನು ಚಮಚ ಚಮಚವಾಗಿ ಹಾಕುತ್ತಾ ಜೋರಾಗಿ ತಿರುವಿ. ಡ್ರಿಲ್ ಮಷಿನ್ನಿಗೆ ಪೇಂಟ್ ಕಲೆಸುವ ಬ್ಲೇಡ್ ಸಿಕ್ಕಿಸಿಕೊಂಡರೆ ಕೆಲಸ ಸಲೀಸು. ಮಿಕ್ಸಿ ಬೇಡ, ಅದು ಗಾಳಿ ತುಂಬುತ್ತದೆ, ಆ ಜಾರ್ ಮತ್ತೆ ಅಡುಗೆಮನೆಗೂ ಹೋಗುವಂತಿಲ್ಲ.

ಈ ಕ್ರಮ ತಿರುಗುಮುರುಗು ಮಾಡಬೇಡಿ. ನೀರಲ್ಲಿರುವ ಸಿಲಿಕಾಕ್ಕೆ ಋಣ ವಿದ್ಯುದಂಶ, ಈ ಪಾಲಿಮರ್‌ಗೆ ಧನ. ಸಿಲಿಕಾ ಮೊದಲು ಕಲೆಸಿ ಮೇಲಿಂದ ಪಾಲಿಮರ್ ಸುರಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಮಿಶ್ರಣ ಒಡೆದು ಗಟ್ಟಿಯಾಗುತ್ತದೆ. ಪಾಲಿಮರ್ ಇರುವ ನೀರಿಗೆ ಸಿಲಿಕಾ ಬಂದರೆ ಪ್ರತಿ ಕಣಕ್ಕೂ ಅದು ಸುತ್ತಿಕೊಂಡು ಎಲ್ಲ ಕಣಗಳೂ ಧನವಾಗುತ್ತವೆ, ಒಂದನ್ನೊಂದು ದೂರ ತಳ್ಳುತ್ತವೆ. ಡೈ ಇಂಕಿನ, ಅಂದರೆ ಬಣ್ಣ ನೀರಲ್ಲಿ ಕರಗಿರುವ ಇಂಕಿನ, ಬಣ್ಣಕ್ಕೂ ಋಣ ವಿದ್ಯುದಂಶವೇ. ಹಾಗಾಗಿ ಅದು ಈ ಪದರಕ್ಕೆ ಬಿದ್ದ ತಕ್ಷಣ ಅಲ್ಲೇ ಕಚ್ಚಿಕೊಳ್ಳುತ್ತದೆ, ಒದ್ದೆ ಬೆರಳು ತಾಗಿದರೂ ಸುಲಭಕ್ಕೆ ಹರಡಲ್ಲ.

ಕೊನೆಗೆ ಆರಿದ ಪಿವಿಎಯನ್ನು ಇದಕ್ಕೆ ನೂಲಿನ ಹಾಗೆ ಸುರಿಯುತ್ತಾ ನಿಧಾನಕ್ಕೆ ತಿರುವಿ. ರಾತ್ರಿಯಿಡೀ ಮುಚ್ಚಿಡಿ, ಗುಳ್ಳೆ ಎಲ್ಲ ಮೇಲೆ ಬರಲಿ. ಬೆಳಿಗ್ಗೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಬಿಸಾಡುವ ನೈಲಾನ್ ಮೆಶ್ ತುಂಡಿನಲ್ಲಿ ಸೋಸಿ.

100 ಸಿಲಿಕಾಕ್ಕೆ 40 ಪಿವಿಎ ಎನ್ನುವುದು ಶುರುಮಾಡಲು ಒಂದು ಅಳತೆ. ನಿಮ್ಮ ಸಿಲಿಕಾ ಬೇರೆ ಇರಬಹುದು, ಮೊದಲು ಒಂದೇ ಹಾಳೆಗೆ ಹಾಕಿ ಒಣಗಿಸಿ ನೋಡಿ. ಸೆಲ್ಲೊಟೇಪ್ ಒತ್ತಿ ಕಿತ್ತರೆ ಬಿಳಿ ಪುಡಿ ಬರುತ್ತದೆಯೇ? ಅಂಟು ಸಾಲದು, 50 ಗ್ರಾಂ ಪಿವಿಎ ದ್ರಾವಣ ಸೇರಿಸಿ. ಪುಡಿ ಬರದೆ, ಪ್ರಿಂಟಿನ ಕಪ್ಪು ಜಾಗದಲ್ಲಿ ಇಂಕು ಕೆರೆ ಕಟ್ಟಿ ನಿಂತರೆ ಅಂಟು ಜಾಸ್ತಿಯಾಗಿ ರಂಧ್ರ ಮುಚ್ಚಿದೆ, ಆಗ ಸಿಲಿಕಾ ಹೆಚ್ಚಿಸಿ. ಪುಡಿ ಉದುರುವ ಹಾಳೆಯನ್ನು ಮಾತ್ರ ಪ್ರಿಂಟರ್‌ಗೆ ಕೊಡಲೇಬೇಡಿ. ಹೆಡ್ಡಿನ ತೂತಿಗೆ ಸಿಲಿಕಾ ಹೊಕ್ಕರೆ ಉಳಿಸಿದ ದುಡ್ಡೆಲ್ಲ ಸರ್ವಿಸ್‌ನವರ ಪಾಲು.

ಎಳೆಯುವುದು, ಒಣಗಿಸುವುದು

ಬ್ರಷ್‌ನಲ್ಲಿ ಬಳಿದರೆ ಗೆರೆ ಬರುತ್ತದೆ, ಸ್ಪ್ರೇ ಗನ್‌ನಲ್ಲಿ ಹೊಡೆದರೆ ಅಂಟು ದಾರದಂತೆ ಎಳೆಎಳೆಯಾಗಿ ಹಾರುತ್ತದೆ. ತಂತಿ ಸುತ್ತಿದ ಸ್ಟೀಲ್ ರಾಡ್ ಬೇಕು. ಲೇತ್ ಅಂಗಡಿಯಲ್ಲಿ ನೆಟ್ಟಗಿರುವ 12 ಮಿಮೀ ರಾಡಿಗೆ 0.8 ಮಿಮೀ ಸ್ಟೀಲ್ ತಂತಿಯನ್ನು ಸಂದಿಲ್ಲದೆ ಒತ್ತಾಗಿ ಸುತ್ತಿಸಿ. ಒದ್ದೆ ಪದರದ ದಪ್ಪ ತಂತಿಯ ದಪ್ಪದ ಹತ್ತನೇ ಒಂದು ಭಾಗದ ಆಸುಪಾಸು ಬರುತ್ತದೆ. ದಪ್ಪ ಗಾಜಿನ ಮೇಲೆ ಹಾಳೆ ಇಟ್ಟು ಮೇಲ್ತುದಿಗೆ ಟೇಪ್ ಹಾಕಿ, ರಾಡಿನ ಮುಂದೆ ಉದ್ದಕ್ಕೆ ಮಿಶ್ರಣ ಸುರಿದು, ಒತ್ತದೆ ಒಂದೇ ಸಲಕ್ಕೆ ಎಳೆಯಿರಿ. ಎಲ್ಲೋ ಸ್ವಲ್ಪ ಬಿಟ್ಟುಹೋಯಿತು ಅಂತ ಎರಡನೇ ಸಲ ಎಳೆದರೆ ಇಡೀ ಹಾಳೆ ಹಾಳು. ರಾಡನ್ನು ತಕ್ಷಣ ತೊಳೆಯಿರಿ.

ಒಣಗಿಸುವಾಗ ಬಿಸಿಲು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಮೇಲ್ಪದರ ಬೇಗ ಒಣಗಿ ಒಳಗೆ ಹಸಿ ಉಳಿದರೆ ಬಿರುಕು ಗ್ಯಾರಂಟಿ. ಕೋಲಾರದ ಏಪ್ರಿಲ್ ಬಿಸಿಗಾಳಿಯಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಬೆಳಿಗ್ಗೆ ಬೇಗ, ಕಿಟಕಿ ಮುಚ್ಚಿದ ರೂಮಿನಲ್ಲಿ ಮಾಡಿ. ಹಾಳೆ ಸುರುಳಿ ಸುತ್ತಿಕೊಂಡರೆ ಹಿಂಬದಿಗೆ ನೀರಾದ ಪಿವಿಎ ತೆಳುವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ರಾತ್ರಿಯಿಡೀ ಭಾರ ಹೇರಿ.

ಎಷ್ಟು ಕೋಟಿಂಗ್ ಕೂತಿತು ಅಂತ ತಿಳಿಯಲು ಚಿನ್ನ ತೂಗುವಂಥ ಸಣ್ಣ ತಕ್ಕಡಿ ಸಾಕು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಳೆ 0.7 ಗ್ರಾಂ ಭಾರ ಹೆಚ್ಚಿದ್ದರೆ ಚದರ ಮೀಟರಿಗೆ 11 ಗ್ರಾಂ ಆಯಿತು. ಮ್ಯಾಟ್‌ಗೆ 10ರಿಂದ 12 ನನಗೆ ಹಿಡಿಸುವ ಅಳತೆ. ಕೋಟಿಂಗ್ ಹಾಕದ ಒಂದು ಹಾಳೆಯನ್ನೂ ಪಕ್ಕದಲ್ಲೇ ಇಟ್ಟು ಹಿಂದೆ ಮುಂದೆ ತೂಗಿ. ಹವೆಯ ತೇವಕ್ಕೇ ಕಾಗದದ ತೂಕ ಏರಿಳಿಯುತ್ತದೆ, ಅದನ್ನು ಕಳೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಪ್ರಿಂಟ್

ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ, ಹಿಂದಿನ ಟ್ರೇಯಿಂದ ಒಂದೊಂದೇ ಹಾಳೆ ಕೊಡಿ, ಪೇಪರ್ ಟೈಪ್ ಮ್ಯಾಟ್ ಇಡಿ. ಗ್ಲಾಸಿ ಇಟ್ಟರೆ ಇಂಕು ಜಾಸ್ತಿ ಸುರಿಯುತ್ತದೆ. ಪರೀಕ್ಷೆಗೆ ಗುಲಾಬಿ ಹೂವಿನ ಫೋಟೊ ಹಾಕಬೇಡಿ, ಅದು ಎಂಥ ಪೇಪರ್ ಮೇಲೂ ಚೆಂದ. ನಂದಿಬೆಟ್ಟದ ಮಂಜಿನದೊಂದು, ಅಂತರಗಂಗೆಯ ಬಂಡೆಗಳ ನೆರಳಿನದೊಂದು ಹಾಕಿ. ಮಂಜಿನ ತೆಳು ಬೂದಿ ಬಣ್ಣದಲ್ಲಿ ಮಚ್ಚೆ ಮಚ್ಚೆ ಕಂಡರೆ ಕೋಟಿಂಗ್ ಒಂದೇ ಸಮ ಕೂತಿಲ್ಲ. ಬಂಡೆ ಸಂದಿಯ ಕಪ್ಪು ಬೂದಿಗೆ ತಿರುಗಿದ್ದರೆ ಇಂಕು ಆಳಕ್ಕೆ ಇಳಿದಿದೆ, ಕೋಟಿಂಗ್ ತೆಳುವಾಯಿತು. ಎರಡೂ ಸರಿಬಂದ ಮೇಲೆ ಕಲರ್ ಪ್ರೊಫೈಲ್ (ಈ ಪೇಪರ್‌ಗೆ ತಕ್ಕಂತೆ ಪ್ರಿಂಟರ್ ಬಣ್ಣ ಹೊಂದಿಸುವ ಫೈಲ್) ಮಾಡಿಸಿ, ಅದಕ್ಕೆ ಮುಂಚೆ ಮಾಡಿಸಿದರೆ ದುಡ್ಡು ದಂಡ. ಫ್ರೇಮ್ ಹಾಕುವ ಮುಂಚೆ ಒಂದು ದಿನ ಮುಚ್ಚದೆ ಹಾಗೇ ಇಟ್ಟು ಒಣಗಿಸಿ, ಇಲ್ಲದಿದ್ದರೆ ಇಂಕಿನಲ್ಲಿ ಉಳಿದ ಆವಿ ಗಾಜಿನ ಒಳಗಡೆ ಮಸುಕು ಕಟ್ಟುತ್ತದೆ.

ಮಿಕ್ಕ ಮಿಶ್ರಣ ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ವಾಸನೆ ಹೊಡೆಯುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ. ಉಳಿದದ್ದನ್ನು ಮೋರಿಗೆ ಸುರಿಯಬೇಡಿ. ಆ ಪಾಲಿಮರ್ ಮೀನಿಗೆ ವಿಷ, ಮೋರಿ ನೀರು ಹೋಗಿ ಸೇರುವುದು ಕೆರೆಗೇ. ಹಳೆ ತಟ್ಟೆಯಲ್ಲಿ ಹರಡಿ ಒಣಗಿಸಿ, ಕೆರೆದು ಒಣಕಸಕ್ಕೆ ಹಾಕಿ.