ಮಾರಿಕಣಿವೆಗೆ ಗೇಟು ಎಲ್ಲಿಂದ ಬಂತು? ಫಾರ್ವರ್ಡ್ ನಂಬುವ ಮುಂಚೆ ನೋಡುವ ಬಗೆ

ಚಿತ್ರದುರ್ಗದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯಕ್ಕೆ ಅರ್ಜಿ ಹಾಕುವುದು, ಇದೇ ಕೆಲಸ. ವಾರಕ್ಕೆ ಮೂರ್ನಾಲ್ಕು ಜನವಾದರೂ ಮೊಬೈಲ್ ಚಾಚಿ, ‘ಅಕ್ಕಾ, ಈ ಹೊಲಿಗೆ ಯಂತ್ರದ್ದು ಅರ್ಜಿ ಹಾಕ್ಕೊಡಿ, ಇವತ್ತೇ ಕೊನೇ ದಿನವಂತೆ’ ಅನ್ನುತ್ತಾರೆ. ನೋಡಿದರೆ ವಾಟ್ಸಾಪ್ ಫಾರ್ವರ್ಡ್. ಹೋದ ತಿಂಗಳೂ ಅದಕ್ಕೆ ಕೊನೇ ದಿನ ಇತ್ತು, ಬರುವ ತಿಂಗಳೂ ಇರುತ್ತದೆ. ಅವರಿಗೆಲ್ಲ ಕೌಂಟರ್ ಮೇಲೆ ತೋರಿಸಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಿಂಕ್ ಇದ್ದರೆ ಕೆಲಸ ಸುಲಭ. ಒತ್ತಬೇಡಿ, ಓದಿ. ಶುರುವಿನ ‘ಎಚ್‌ಟಿಟಿಪಿಎಸ್’ ಮತ್ತು ಅದರ ಪಕ್ಕದ ಎರಡು ಓರೆ ಗೆರೆ ದಾಟಿ ಮುಂದೆ ಹೋಗಿ. ಇನ್ನೊಂದು ಓರೆ ಗೆರೆ ಬರುವ ಮುಂಚೆ ವಿಳಾಸ ಹೇಗೆ ಮುಗಿಯುತ್ತದೆ ನೋಡಿ. ಸರ್ಕಾರದ್ದಾದರೆ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ (gov.in) ಅಥವಾ ‘ನಿಕ್ ಡಾಟ್ ಇನ್’ (nic.in) ಅಂತ ಮುಗಿಯುತ್ತದೆ. ನಮ್ಮ ಸೇವಾ ಸಿಂಧುವಿನದು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’. ನಡುವೆ ಎಲ್ಲೋ ‘ಗವ್’, ‘ಪಿಎಂ’, ‘ಯೋಜನೆ’ ಅಂತ ತುರುಕಿದ್ದರೆ ಅದು ಲೆಕ್ಕಕ್ಕಿಲ್ಲ. ‘ಹತ್ತು ಜನಕ್ಕೆ ಕಳಿಸಿದರೆ ಮಾತ್ರ ಅರ್ಜಿ ಪೂರ್ತಿ’ ಅಂತಿದ್ದರೆ ಅಲ್ಲಿಗೇ ಬಿಡಿ. ಸರ್ಕಾರಿ ಕಚೇರಿ ಹತ್ತು ಸಲ ಅಲೆದಾಡಿಸಬಹುದು, ಹತ್ತು ಫಾರ್ವರ್ಡ್ ಯಾವತ್ತೂ ಕೇಳಲ್ಲ.

ವಿಡಿಯೊ ಆದರೆ ಕೆಲಸ ಸ್ವಲ್ಪ ಜಾಸ್ತಿ. 2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಡ್ಯಾಂ, ಅಂದರೆ ನಮ್ಮ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. 89 ವರ್ಷ! ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಆಗ ಒಂದು ರಾತ್ರಿ ನಮ್ಮ ಮನೆಯವರ ಗ್ರೂಪಿಗೆ ಒಂದು ವಿಡಿಯೊ ಬಂತು. ಸಾಲಾಗಿ ಗೇಟುಗಳು, ಒಂದೊಂದರಿಂದಲೂ ಕೆಂಪು ನೀರು ಧೋ ಅಂತ ಸುರಿಯುತ್ತಿದೆ. ಕೆಳಗೆ, ‘ಮಾರಿಕಣಿವೆ ಗೇಟು ಎಲ್ಲಾ ತೆಗೆದಿದ್ದಾರೆ, ಹಿರಿಯೂರಿನವರು ತಕ್ಷಣ ಊರು ಬಿಡಿ.’ ಹಿರಿಯೂರಿನ ಹತ್ತಿರ ತೋಟದ ಮನೆಯಲ್ಲಿರುವ ಚಿಕ್ಕಪ್ಪ ಫೋನ್ ಮಾಡಿದರು. ಅಷ್ಟೊತ್ತಿಗೆ ಟ್ರ್ಯಾಕ್ಟರಿಗೆ ಅಕ್ಕಿ ಮೂಟೆ ಏರಿಸಿ ಆಗಿತ್ತು.

‘ಚಿಕ್ಕಪ್ಪಾ, ಮೊನ್ನೆ ನೀವೇ ಹೋಗಿ ಕೋಡಿ ನೋಡ್ಕೊಂಡು ಬಂದ್ರಲ್ಲ, ಅಲ್ಲಿ ಗೇಟು ಎಲ್ಲಿತ್ತು?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಹೌದಲ್ಲವ್ವಾ...’

ಮಾರಿಕಣಿವೆಯಲ್ಲಿ ಕಾಲುವೆಗೆ ನೀರು ಬಿಡಲು ತೂಬು ಇವೆ. ಹೆಚ್ಚಾದ ನೀರು ಹೊಳೆಗೆ ಇಳಿಯುವುದು ಮಾತ್ರ 130 ಅಡಿ ತುಂಬಿದ ಮೇಲೆ, ಕೋಡಿ ಮೇಲಿಂದ, ತಾನಾಗಿ. ಆ ವಿಡಿಯೊದಲ್ಲಿದ್ದಂಥ ಗೇಟು ಅಲ್ಲಿ ಇಲ್ಲವೇ ಇಲ್ಲ. ಇದು ಆ ಕಡೆಯವರಿಗೆಲ್ಲ ಗೊತ್ತು, ಗಾಬರಿಯಲ್ಲಿ ಮರೆತುಹೋಗುತ್ತದೆ ಅಷ್ಟೇ. ಹಾಗಾಗಿ ವಿಡಿಯೊ ಬಂದರೆ ನಿಮಗೆ ಮೊದಲೇ ಗೊತ್ತಿರುವುದು ಅದರಲ್ಲಿ ಏನಿದೆ ಅಂತ ಹುಡುಕಿ. ಬಸ್ಸಿನ ಬಣ್ಣ, ಗಾಡಿ ನಂಬರು, ಅಂಗಡಿ ಬೋರ್ಡಿನ ಭಾಷೆ, ಗುಡ್ಡ, ಬೆಳೆ. ಅದರಲ್ಲೂ ತಿಳಿಯದಿದ್ದರೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತು ಅಂತ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ನಮಗೆ ಸಿಕ್ಕಿದ್ದು ಬೇರೆ ರಾಜ್ಯದ ಡ್ಯಾಂ, ಅದೂ ಹಳೇದು.

ವಿಡಿಯೊ ನಿಜವಾಗಿದ್ದೂ ಸುಳ್ಳು ಹೇಳಬಹುದು. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಓಡಾಡಿತಲ್ಲ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು? ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಎಚ್ಚರಿಸಲು ಮಾಡಿದ್ದ ಜಾಹೀರಾತು. ಕೊನೆಗೆ ಮಗುವನ್ನು ವಾಪಸ್ ತಂದು ಬಿಟ್ಟು ಬೋರ್ಡ್ ತೋರಿಸುತ್ತಾರೆ. ಆ ಕೊನೇ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರು ಅನ್ನುವ ಇಂಥದೇ ವದಂತಿಗೆ ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಜನರ ಹೊಡೆತಕ್ಕೆ ಸತ್ತರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅರ್ಧಕ್ಕೆ ನಿಂತಂತೆ ಕಾಣುವ ವಿಡಿಯೊ ಬಂದರೆ ನನಗೆ ಈಗಲೂ ಅದೇ ನೆನಪಾಗುತ್ತದೆ.

ನಾನೇನೂ ಜಾಣೆ ಅಲ್ಲ. ಕಾಣೆಯಾದ ಹುಡುಗನ ಫೋಟೊ ಒಂದನ್ನು ಅಯ್ಯೋ ಪಾಪ ಅಂತ ನಾಲ್ಕು ಗ್ರೂಪಿಗೆ ಹಾಕಿದ್ದೆ. ಸಂಜೆ ಮನಸ್ಸು ತಡೆಯದೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ‘ಮಗ ಸಿಕ್ಕಿ ಎರಡು ವರ್ಷ ಆತು ತಾಯಿ, ಫೋನ್ ಬರೋದು ಮಾತ್ರ ನಿಂತಿಲ್ಲ’ ಅಂದರು ಅವರಪ್ಪ. ಮೆಸೇಜಿನಲ್ಲಿ ‘ನಿನ್ನೆ ಸಂಜೆಯಿಂದ’ ಅಂತಿತ್ತು. ಯಾವ ನಿನ್ನೆ? ಅಂದಿನಿಂದ ತಾರೀಖು ಇಲ್ಲದ್ದನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಐದು ಅಥವಾ ಜಾಸ್ತಿ ಕೈ ದಾಟಿ ಬಂದಿದೆ ಅಂತ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗ್ರೂಪಿಗೆ ಕಳಿಸಬಹುದು. ಆದರೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣ ಹೋಗುತ್ತದೆ. ಬಾಣ ಇಲ್ಲ ಅಂತ ನಂಬಬೇಡಿ.

ಕೇಂದ್ರ ಸರ್ಕಾರದ ಯೋಜನೆ ಅಂತ ಬಂದಿದ್ದರೆ ಆ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿಯ ಫ್ಯಾಕ್ಟ್ ಚೆಕ್ ವಾಟ್ಸಾಪ್ ನಂಬರ್ 8799711259ಕ್ಕೆ ಕಳಿಸಿ ಕೇಳಬಹುದು. ರಾಜ್ಯದ್ದಾದರೆ ಗ್ರಾಮ ಒನ್‌ನಲ್ಲಿ ವಿಚಾರಿಸಿ. ಲಿಂಕ್ ಒತ್ತಿ ದುಡ್ಡು ಹೋಗಿದ್ದರೆ ನಾಚಿಕೆ ಬೇಡ, ತಡವೂ ಬೇಡ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ದೊಡ್ಡವರಿಗೆ ಹೇಳುವುದು. ಇದೇ ಕಷ್ಟದ್ದು. ಗ್ರೂಪಿನಲ್ಲಿ ಎಲ್ಲರೆದುರು ‘ಇದು ಸುಳ್ಳು’ ಅಂತ ಹಾಕಿದರೆ ಅವರು ಹಟಕ್ಕೆ ಬಿದ್ದು ಇನ್ನೆರಡು ಹಾಕುತ್ತಾರೆ. ಫೋನ್ ಮಾಡಿ. ಊಟ, ಮಳೆ, ಮೊಮ್ಮಕ್ಕಳು ಎಲ್ಲ ಆದಮೇಲೆ ಮೆಲ್ಲಗೆ ಎತ್ತಿ. ಅಳಿಸುವ ಕೆಲಸ ಅವರಿಗೇ ಬಿಡಿ. ನಮ್ಮ ಚಿಕ್ಕಪ್ಪ ಆ ರಾತ್ರಿ ಮೂಟೆ ಇಳಿಸಿ, ‘ಗೇಟು ಇಲ್ಲ, ಯಾರೂ ಹೆದರಬ್ಯಾಡ್ರಿ’ ಅಂತ ತಾವೇ ಗ್ರೂಪಿಗೆ ಹಾಕಿದರು. ಈಗ ಏನು ಬಂದರೂ ಮೊದಲು ನನಗೆ ಕಳಿಸುತ್ತಾರೆ, ಬೆಳಗಿನ ಜಾವ ಐದಕ್ಕೆ.