ಚರ್ಚಾಸ್ಪರ್ಧೆಯಲ್ಲಿ 'ಅಮೆರಿಕದಲ್ಲಿ…' ಅನ್ನುವ ಮುಂಚೆ

'ಮರಣದಂಡನೆ ಬೇಕೇ, ಬೇಡವೇ?' ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಹಳಸದೇ ಉಳಿದಿರುವ ವಿಷಯ ಇದು. ಪರ ನಿಂತ ಹುಡುಗ 'ಅಮೆರಿಕದಂಥ ದೇಶದಲ್ಲೇ ಇದೆ' ಅಂತಾನೆ. ವಿರೋಧದ ಹುಡುಗಿ 'ಅಮೆರಿಕವೇ ಕೈಬಿಡುತ್ತಿದೆ' ಅಂತಾಳೆ. ಇಬ್ಬರದ್ದೂ ಅರ್ಧ ಸರಿ. ನಾನು ಶಿರಸಿಯಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವಳು. ಕಾರವಾರದ ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೊರಡುವವರಿಗೆ ಮಾಡಿಸುವ ತಯಾರಿಯನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು 'ಅಮೆರಿಕದಲ್ಲಿ' ಅನ್ನೋದನ್ನು ಬಿಡಿ, ಯಾವ ರಾಜ್ಯ ಅಂತ ಹೇಳಿ. ಉತ್ತರ ಕನ್ನಡದಲ್ಲಿ ಭಾರಿ ಮಳೆಯಂತೆ ಅಂದರೆ ಹೊನ್ನಾವರದಲ್ಲೋ ಮುಂಡಗೋಡಿನಲ್ಲೋ ಅಂತ ನಾವೇ ಕೇಳ್ತೇವೆ, ಅಲ್ವಾ? ಅಲ್ಲಿ ಕೊಲೆ ಕೇಸುಗಳು ಹೆಚ್ಚಾಗಿ ಆಯಾ ರಾಜ್ಯದ ಕಾನೂನಿನಂತೆ ನಡೆಯುತ್ತವೆ. 50 ರಾಜ್ಯಗಳಲ್ಲಿ 23 ಮರಣದಂಡನೆಯನ್ನು ತೆಗೆದುಹಾಕಿವೆ, 27ರಲ್ಲಿ ಇನ್ನೂ ಕಾನೂನು ಇದೆ. ಕೇಂದ್ರ ಸರ್ಕಾರದ್ದು ಬೇರೆ ಕಥೆ. 2024ರ ಡಿಸೆಂಬರ್‌ನಲ್ಲಿ ಬೈಡನ್ ಕೇಂದ್ರದ ಕಾನೂನಿನಡಿ ಮರಣದಂಡನೆಗೆ ಗುರಿಯಾಗಿದ್ದ 40 ಕೈದಿಗಳ ಪೈಕಿ 37 ಜನರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಮರುತಿಂಗಳು ಟ್ರಂಪ್ ಬಂದವರೇ ಮರಣದಂಡನೆಯನ್ನು ಮತ್ತೆ ಬಳಸಿ ಅಂತ ಉಲ್ಟಾ ಆದೇಶ ಹೊರಡಿಸಿದರು. ನಾಲ್ಕು ನಿಮಿಷದ ಭಾಷಣದೊಳಗೆ ಇದನ್ನು ತುರುಕಬೇಡಿ.

ಈಗ ಒಂದು ಹಾಳೆ ಅಡ್ಡ ಇಟ್ಟು ಮೂರು ಕಲಂ ಗೆರೆ ಎಳೆಯಿರಿ. ಕಾನೂನಿನಲ್ಲಿ ಇದೆಯಾ? ಜಾರಿ ಆಗ್ತಾ ಇದೆಯಾ? ಯಾವ ವಿಧಾನ? ಪ್ರತಿ ರಾಜ್ಯಕ್ಕೆ ಒಂದು ಸಾಲು ಸಾಕು.

ಮೊದಲ ಎರಡು ಕಲಂ ಒಂದೇ ಅಂದುಕೊಂಡವರು ಮರುಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ. ಕ್ಯಾಲಿಫೋರ್ನಿಯಾ ನೋಡಿ. ಮರಣದಂಡನೆ ರದ್ದು ಮಾಡೋಣವಾ ಅಂತ 2012ರಲ್ಲೂ 2016ರಲ್ಲೂ ಜನರನ್ನೇ ಕೇಳಿದರು, ಎರಡು ಸಲವೂ ಜನ ರದ್ದು ಬೇಡ ಅಂದರು. ಆದರೆ 2006ರ ನಂತರ ಅಲ್ಲಿ ಒಬ್ಬರಿಗೂ ಶಿಕ್ಷೆ ಜಾರಿಯಾಗಿಲ್ಲ. 2019ರಲ್ಲಿ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥರು) ತಡೆಯನ್ನೇ ಹಾಕಿಬಿಟ್ಟರು. ನೆಬ್ರಾಸ್ಕಾದಲ್ಲಿ 2015ರಲ್ಲಿ ಶಾಸಕರು ಗವರ್ನರ್ ಮಾತನ್ನೂ ಮೀರಿ ರದ್ದು ಮಾಡಿದರು, ಮರುವರ್ಷ ಜನ ಓಟು ಹಾಕಿ ವಾಪಸ್ ತಂದರು. ವರ್ಜೀನಿಯಾ 2021ರಲ್ಲಿ ಪೂರ್ತಿ ಕೈಬಿಟ್ಟಿತು, ದಕ್ಷಿಣದ ರಾಜ್ಯಗಳಲ್ಲಿ ಅದೇ ಮೊದಲು. ಫ್ಲಾರಿಡಾ ನಡೆದದ್ದು ವಿರುದ್ಧ ದಿಕ್ಕಿಗೆ. ಜ್ಯೂರಿಯ, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ಗುಂಪಿನ, 12 ಜನರಲ್ಲಿ 8 ಜನ ಮರಣದಂಡನೆಗೆ ಒಪ್ಪಿದರೆ ಸಾಕು ಅಂತ 2023ರಲ್ಲಿ ಕಾನೂನು ಮಾಡಿತು. 2025ರಲ್ಲಿ ಶಿಕ್ಷೆ ಜಾರಿಯಲ್ಲಿ ತನ್ನದೇ ದಾಖಲೆ ಮುರಿಯಿತು. 'ಎಲ್ಲರೂ ಕೈಬಿಡ್ತಿದ್ದಾರೆ' ಅನ್ನೋ ವಾಕ್ಯ ಬರೆದಿದ್ದರೆ ಈಗಲೇ ಹೊಡೆದುಹಾಕಿ.

ಮೂರನೇ ಕಲಂ ತುಂಬುವಾಗ ಮಕ್ಕಳು ಬೆಚ್ಚುತ್ತಾರೆ. ವಿಷದ ಇಂಜೆಕ್ಷನ್ ಇದ್ದದ್ದು ಕೆಲವು ಕಡೆ ಯಾಕೆ ಬದಲಾಯಿತು? ಔಷಧ ಸಿಗಲಿಲ್ಲ, ಅಷ್ಟೇ. 2011ರಲ್ಲಿ ಹೋಸ್ಪಿರಾ ಕಂಪನಿ ಈ ಇಂಜೆಕ್ಷನ್‌ಗೆ ಬಳಸುವ ಥಯೋಪೆಂಟಾಲ್ ಅನ್ನುವ ಅರಿವಳಿಕೆ ಔಷಧ ಮಾಡೋದನ್ನೇ ನಿಲ್ಲಿಸಿತು. ಅದೇ ವರ್ಷ ಯುರೋಪಿನವರು ರಫ್ತಿಗೆ ಕಡಿವಾಣ ಹಾಕಿದರು. 2016ರಲ್ಲಿ ಫೈಜರ್ ಕೂಡ ನಮ್ಮ ಔಷಧ ಇದಕ್ಕೆ ಬೇಡ ಅಂದಿತು. ರಾಜ್ಯಗಳು ಬೇರೆ ದಾರಿ ಹುಡುಕಿದವು. ದಕ್ಷಿಣ ಕ್ಯಾರೊಲಿನಾದಲ್ಲಿ 2025ರ ಮಾರ್ಚ್‌ನಲ್ಲಿ ಒಬ್ಬ ಕೈದಿಯನ್ನು ಗುಂಡು ಹಾರಿಸಿ ಕೊಂದರು. ಗುಂಡೇ ಮುಖ್ಯ ವಿಧಾನ, 2026ರ ಜುಲೈಯಿಂದ ಜಾರಿ ಅಂತ ಇಡಾಹೊ ಕಾನೂನು ಮಾಡಿತು.

ಎಲ್ಲ ರಾಜ್ಯ ಹೇಳಹೋಗಬೇಡಿ. ಒಂದೇ ಕೇಸು ಹಿಡಿದು ಪೂರ್ತಿ ಹೇಳಿ. ನಾನು ಕೊಡೋದು ಅಲಬಾಮಾದ ಕೆನ್ನೆತ್ ಸ್ಮಿತ್ ಕೇಸು. 1988ರ ಸುಪಾರಿ ಕೊಲೆ. ಜ್ಯೂರಿಯಲ್ಲಿ 11 ಜನ ಜೀವಾವಧಿ ಸಾಕು ಅಂದರು, ಒಬ್ಬರು ಮಾತ್ರ ಮರಣದಂಡನೆ ಅಂದರು. ಜಡ್ಜ್ ಆ 11 ಜನರ ಮಾತು ತಳ್ಳಿಹಾಕಿ ಮರಣದಂಡನೆ ಕೊಟ್ಟರು. ಜಡ್ಜ್‌ಗಳ ಈ ಅಧಿಕಾರವನ್ನು ಅಲಬಾಮಾ 2017ರಲ್ಲಿ ತೆಗೆಯಿತು, ಹಳೇ ಕೇಸುಗಳಿಗೆ ಅದು ಅನ್ವಯಿಸಲಿಲ್ಲ. 2022ರ ನವೆಂಬರ್‌ನಲ್ಲಿ ಸ್ಮಿತ್‌ನನ್ನು ಮಂಚಕ್ಕೆ ಕಟ್ಟಿ ಇಂಜೆಕ್ಷನ್‌ಗೆ ನರ ಹುಡುಕಿದರು. ಸೂಜಿ ಕೂರಲೇ ಇಲ್ಲ, ವಾಪಸ್ ಕಳಿಸಿದರು. 2024ರ ಜನವರಿ 25ರಂದು ಮುಖಕ್ಕೆ ಮಾಸ್ಕ್ ಹಾಕಿ ನೈಟ್ರೋಜನ್ ಅನಿಲ ಬಿಟ್ಟು ಶಿಕ್ಷೆ ಜಾರಿ ಮಾಡಿದರು. ಈ ವಿಧಾನದಲ್ಲಿ ಅದೇ ಮೊದಲು. ಇದನ್ನು ಹೇಳುವಾಗ ದನಿ ಏರಿಸಬೇಡಿ, ಕೈ ಬೀಸಬೇಡಿ.

ಪರ ವಾದಿಸುವವರೂ ಈ ಕೇಸು ಬಳಸಬಹುದು. ಕೊಲೆಯಾದ ಹೆಂಗಸಿನ ಮನೆಯವರು 35 ವರ್ಷ ಕಾದರಲ್ಲ ಅಂತ ಕೇಳಿ. ನನ್ನ ಪ್ರಕಾರ ಪರ ಪಕ್ಷಕ್ಕೆ ಇರುವ ಗಟ್ಟಿ ಮಾತು ಅದೊಂದೇ. 'ಭಯ ಹುಟ್ಟುತ್ತೆ, ಅಪರಾಧ ಕಡಿಮೆ ಆಗುತ್ತೆ' ಅಂತ ಸುಮ್ನೆ ಹೇಳಿದರೆ ಪುರಾವೆ ಕೇಳ್ತಾರೆ, ಆಗ ಬಾಯಿ ಕಟ್ಟುತ್ತೆ.

ನಮ್ಮ ಕಾನೂನಿನ ಬಗ್ಗೆ ಎರಡು ವಾಕ್ಯ ಕಾದಿರಿಸಿ. ನಮ್ಮಲ್ಲಿ ಜ್ಯೂರಿ ಇಲ್ಲ. ಕಾರವಾರದ ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟರೂ ಧಾರವಾಡದ ಹೈಕೋರ್ಟ್ ಪೀಠ ಖಚಿತಪಡಿಸಬೇಕು. ತೀರಾ 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಮರಣದಂಡನೆ ಅನ್ನೋ ಅಳತೆ ಬಂದದ್ದು ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪಿನಿಂದ.

ಹೊರಡುವ ಹಿಂದಿನ ರಾತ್ರಿ ಎರಡನೇ ಕಲಂ ಮಾತ್ರ ಮತ್ತೊಮ್ಮೆ ನೋಡಿ. ಗವರ್ನರ್ ಬದಲಾದರೆ ಅದು ರಾತ್ರೋರಾತ್ರಿ ತಿರುಗಬಹುದು. ಬಸ್ಸಿನಲ್ಲಿ ಓದಿಕೊಂಡರಾಯಿತು ಅಂತ ಇಟ್ಟುಕೊಳ್ಳಬೇಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಹಾಳೆ ಹಿಡಿದರೆ ವಾಂತಿ ಗ್ಯಾರಂಟಿ.